ಸಕ್ಕರೆ ಕಾಯಿಲೆಯೂ ತೊಡೆಯ ಬಲವೂ

(ಸುವರ್ಣ ಮಹೋತ್ಸವದ ಆರೋಗ್ಯ ಗೋಷ್ಠಿಯಲ್ಲಿ, ಶಾಲೆಯ ಹಳೆಯ ವಿದ್ಯಾರ್ಥಿಯಾದ ವೈದ್ಯರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಸಂಘಟಕರು ನನಗೆ ಕೊಟ್ಟ ವಿಷಯ ‘ಮಧುಮೇಹ ನಿಯಂತ್ರಣ’. ಈ ವಿಷಯಕ್ಕೆ ಭಾಷಣ ಎಂದರೆ ಸಿಹಿ ಬಿಡಿ, ವಾಕಿಂಗ್ ಮಾಡಿ, ಮಾತ್ರೆ ತಪ್ಪಿಸಬೇಡಿ ಎಂದು ಹೇಳಿ ಕೂರುವುದು ವಾಡಿಕೆ. ಆ ಮೂರೂ ಮಾತು ಸರಿಯೇ. ಆದರೆ ನೀವು ಅವನ್ನು ಹತ್ತು ಕಡೆ ಕೇಳಿದ್ದೀರಿ. ಇವತ್ತು ನಾನು ನಾಲ್ಕನೆಯ ಮಾತೊಂದನ್ನೇ ಹಿಡಿದುಕೊಂಡು ಬಂದಿದ್ದೇನೆ. ಅದು ಮೈಯಲ್ಲಿರುವ ಮಾಂಸಖಂಡದ ಮಾತು. ತೊಡೆ, ಬೆನ್ನು, ತೋಳುಗಳಿಗೆ ವಾರಕ್ಕೆ ಎರಡು ಮೂರು ದಿನವಾದರೂ ಭಾರದ ಕೆಲಸ ಕೊಡಬೇಕು ಎನ್ನುವ ಮಾತು. ಇದನ್ನು ನಮ್ಮ ಕಡೆ ಹೇಳುವವರು ಕಡಿಮೆ. ಹೇಳಿದರೂ, ‘ಅದು ಜಿಮ್ಮಿಗೆ ಹೋಗೋ ಹುಡುಗರ ಕೆಲಸ, ನಮಗ್ಯಾಕೆ ಡಾಕ್ಟ್ರೇ’ ಎಂದು ನಕ್ಕುಬಿಡುತ್ತಾರೆ.

ಮೊದಲು ಒಂದು ಲೆಕ್ಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ದೇಶದ ಎಲ್ಲ ರಾಜ್ಯಗಳನ್ನೂ ಸುತ್ತಿ, ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ 2023ರಲ್ಲಿ ವರದಿ ಪ್ರಕಟಿಸಿದರು. ವಯಸ್ಕರಲ್ಲಿ ನೂರಕ್ಕೆ 11.4 ಮಂದಿಗೆ ಸಕ್ಕರೆ ಕಾಯಿಲೆ. ಪಟ್ಟಣಗಳಲ್ಲಿ 16.4, ಹಳ್ಳಿಗಳಲ್ಲಿ 8.9. ಹಳ್ಳಿಯವರು ಪರವಾಗಿಲ್ಲ ಎಂದು ಇದನ್ನು ನೋಡಿದರೆ ಅನ್ನಿಸಬಹುದು. ಆದರೆ ಅದೇ ವರದಿಯಲ್ಲಿ ಇನ್ನೊಂದು ಸಾಲಿದೆ. ಕಾಯಿಲೆಯ ಹೊಸ್ತಿಲಲ್ಲಿ ನಿಂತವರು, ಅಂದರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಅಥವಾ ಗ್ಲುಕೋಸ್ ಕುಡಿಸಿ ನೋಡಿದಾಗ ಸಕ್ಕರೆ ಇರಬೇಕಾದ್ದಕ್ಕಿಂತ ಹೆಚ್ಚು, ಕಾಯಿಲೆ ಎನ್ನುವ ಮಟ್ಟಕ್ಕಿಂತ ಕಡಿಮೆ ಇರುವವರು, ಪಟ್ಟಣದಲ್ಲಿ ನೂರಕ್ಕೆ 15.4 ಇದ್ದರೆ ಹಳ್ಳಿಯಲ್ಲಿ 15.2. ಹೆಚ್ಚುಕಡಿಮೆ ಒಂದೇ. ಹಳ್ಳಿಯವರಿಗೆ ಬರಲ್ಲ ಎನ್ನುವ ಧೈರ್ಯವನ್ನು ನಾವಿನ್ನು ಇಟ್ಟುಕೊಳ್ಳುವಂತಿಲ್ಲ.

ಸಕ್ಕರೆ ರಕ್ತದಲ್ಲಿ ಯಾಕೆ ನಿಲ್ಲುತ್ತದೆ? ಇಲ್ಲಿರುವ ಅನೇಕರ ಮನೆಯಲ್ಲಿ ಹಿಂದೆ ಕಣಜ ಇತ್ತು. ಸುಗ್ಗಿಯಲ್ಲಿ ಭತ್ತ ತೂರಿ, ಕಣದಿಂದ ಕಣಜಕ್ಕೆ ಹೊರುತ್ತಿದ್ದರು. ಕಣಜ ದೊಡ್ಡದಾಗಿದ್ದು ಖಾಲಿಯಿದ್ದರೆ ಸಂಜೆಯೊಳಗೆ ಅಂಗಳ ಬರಿದು. ಕಣಜ ಚಿಕ್ಕದಾಗಿದ್ದರೆ, ಅಥವಾ ಹೋದ ವರ್ಷದ ಭತ್ತವೇ ಅದರಲ್ಲಿ ತುಂಬಿದ್ದರೆ, ಹೊಸ ಭತ್ತ ಅಂಗಳದಲ್ಲೇ ಬಿದ್ದಿರಬೇಕು. ನಮ್ಮ ಮೈಯಲ್ಲಿ ಆ ಅಂಗಳ ಎಂದರೆ ರಕ್ತ. ಆರೋಗ್ಯವಂತನ ಇಡೀ ರಕ್ತದಲ್ಲಿ ಯಾವುದೇ ಹೊತ್ತಿಗೂ ಇರುವ ಸಕ್ಕರೆ ಸುಮಾರು ಒಂದು ಟೀ ಚಮಚದಷ್ಟು, ನಾಲ್ಕೈದು ಗ್ರಾಂ. ಒಂದು ತಟ್ಟೆ ಅನ್ನ ಉಂಡರೆ ಅದರ ಹತ್ತಾರು ಪಟ್ಟು ಸಕ್ಕರೆ ಒಳಗೆ ಬರುತ್ತದೆ. ಅದೆಲ್ಲ ಕೆಲವು ಗಂಟೆಗಳಲ್ಲಿ ಎಲ್ಲಿಗಾದರೂ ಹೋಗಬೇಕು. ಪಿತ್ತಜನಕಾಂಗ ಸುಮಾರು 100 ಗ್ರಾಂ ಹಿಡಿದಿಟ್ಟುಕೊಳ್ಳುತ್ತದೆ. ಮೈಯ ಮಾಂಸಖಂಡಗಳೆಲ್ಲ ಸೇರಿ ಸುಮಾರು 400 ಗ್ರಾಂ. ದೊಡ್ಡ ಕಣಜ ಯಾವುದು ಎಂದು ನಿಮಗೇ ಗೊತ್ತಾಗುತ್ತದೆ. ಅದರಲ್ಲೂ ತೊಡೆ ಮತ್ತು ಪೃಷ್ಠದ ಖಂಡಗಳು ಎಲ್ಲಕ್ಕಿಂತ ದೊಡ್ಡವು.

ಈ ಕಣಜದ ಮುಂಬಾಗಿಲು ತೆಗೆಯುವುದು ಇನ್ಸುಲಿನ್. ಸಕ್ಕರೆ ಕಾಯಿಲೆಯವರಲ್ಲಿ ಅದು ಸಾಲದೆ ಹೋಗುತ್ತದೆ, ಇಲ್ಲವೇ ಇದ್ದರೂ ಬಾಗಿಲು ಸರಿಯಾಗಿ ತೆರೆದುಕೊಳ್ಳುವುದಿಲ್ಲ. ಆದರೆ ಕಣಜಕ್ಕೆ ಒಂದು ಹಿತ್ತಿಲ ಬಾಗಿಲೂ ಇದೆ. ಮಾಂಸಖಂಡ ಬಿಗಿದು ಸಡಿಲಿದಾಗ, ಅಂದರೆ ಅದು ದುಡಿದಾಗ, ಆ ಬಾಗಿಲು ಇನ್ಸುಲಿನ್ನನ್ನು ಕೇಳದೆ ತಾನೇ ತೆರೆದುಕೊಂಡು ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ದುಡಿದ ಖಂಡ ಆಮೇಲೂ ಒಂದೆರಡು ದಿನ ಇನ್ಸುಲಿನ್ನಿನ ಮಾತನ್ನು ಚೆನ್ನಾಗಿ ಕೇಳುತ್ತದೆ. ಭಾನುವಾರ ಒಂದೇ ದಿನ ಬೆವರು ಹರಿಸಿ ವಾರವೆಲ್ಲ ಕೂತರೆ ಫಲ ಸಿಗದಿರುವುದಕ್ಕೆ ಇದೇ ಕಾರಣ. ಎರಡು ದಿನಕ್ಕಿಂತ ಹೆಚ್ಚು ಬಿಡುವು ಕೊಡಬಾರದು.

ಈಗ ನಮ್ಮವರ ತೊಂದರೆಗೆ ಬರುತ್ತೇನೆ. ‘ನಾನು ಸಣಕಲು, ಐವತ್ತೈದು ಕೆ.ಜಿ. ದಾಟಿಲ್ಲ, ನನಗೆ ಹೆಂಗೆ ಶುಗರ್ ಬಂತು?’ ಎಂದು ಕೇಳುವವರು ಬಹಳ. ಇದಕ್ಕೆ ಉತ್ತರ ಹುಡುಕಿದವರಲ್ಲಿ ನಮ್ಮ ಮೈಸೂರಿಗೂ ಒಂದು ಪಾಲಿದೆ. ಮೈಸೂರಿನಲ್ಲಿ ಮಿಷನ್ ಆಸ್ಪತ್ರೆ ಎಂದೇ ಹೆಸರಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ, ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿದ್ದರು. ನರ್ಸಮ್ಮಂದಿರು ಬರೆದ ಆ ದಾಖಲೆಗಳನ್ನು 1990ರ ದಶಕದಲ್ಲಿ ಸಂಶೋಧಕರು ತೆಗೆದು, ಅದೇ ಮಕ್ಕಳು ವಯಸ್ಸಾಗಿ ಮೈಸೂರಿನಲ್ಲೇ ಇದ್ದುದನ್ನು ಹುಡುಕಿ, ರಕ್ತ ಪರೀಕ್ಷೆ ಮಾಡಿದರು. ಹುಟ್ಟುವಾಗಿನ ಮೈಕಟ್ಟಿಗೂ ನಲವತ್ತು ಐವತ್ತು ವರ್ಷದ ಮೇಲೆ ಬರುವ ಸಕ್ಕರೆಗೂ ನಂಟಿದೆ ಎಂದು ಕಂಡಿತು. ಆಮೇಲೆ 1997-98ರ ಹೊತ್ತಿಗೆ ಅದೇ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳನ್ನು ಇಂಗ್ಲೆಂಡಿನ ಮಕ್ಕಳ ಜೊತೆ ಹೋಲಿಸಿ ನೋಡಿದರು. ನಮ್ಮ ಮಕ್ಕಳು ತೂಕದಲ್ಲಿ, ಉದ್ದದಲ್ಲಿ, ತೋಳಿನ ಸುತ್ತಳತೆಯಲ್ಲಿ ಎಲ್ಲದರಲ್ಲೂ ಕಡಿಮೆ. ಆದರೆ ಬೆನ್ನಿನ ಮೇಲಿನ ಕೊಬ್ಬು ಮಾತ್ರ ಅವರಿಗೆ ಸಮ. ಪುಣೆಯ ಸುತ್ತಲ ಹಳ್ಳಿಗಳಲ್ಲಿ ಡಾ. ಚಿತ್ತರಂಜನ್ ಯಾಜ್ಞಿಕ್ ಅವರು ನೋಡಿದ್ದೂ ಇದನ್ನೇ. ಕೊಬ್ಬಿನ ಮಟ್ಟಿಗೆ ಅಷ್ಟೇನೂ ಕೊರತೆಯಿಲ್ಲ, ಮಾಂಸಖಂಡ ಕಡಿಮೆ.

ಯಾಜ್ಞಿಕ್ ಅವರದ್ದೇ ಒಂದು ಸ್ವಾರಸ್ಯದ ಸಂಗತಿ ಇದೆ. ಅವರೂ ಲಂಡನ್ನಿನ ಡಾ. ಜಾನ್ ಯುಡ್‌ಕಿನ್ ಅವರೂ ಒಟ್ಟಿಗೆ ನಿಂತು ಫೋಟೋ ತೆಗೆಸಿಕೊಂಡು 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಹಾಕಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕದಲ್ಲಿ ಇಬ್ಬರೂ ಒಂದೇ, 22.3. ಯಂತ್ರದಲ್ಲಿ ಅಳೆದು ನೋಡಿದರೆ ಯುಡ್‌ಕಿನ್ ಅವರ ಮೈಯಲ್ಲಿ ಕೊಬ್ಬು ನೂರಕ್ಕೆ 9.1, ಯಾಜ್ಞಿಕ್ ಅವರಲ್ಲಿ 21.2. ತಕ್ಕಡಿ ಇಬ್ಬರಿಗೂ ಒಂದೇ ಮಾತು ಹೇಳಿತ್ತು. ಆದ್ದರಿಂದ ‘ನಾನು ಸಣ್ಣಗಿದ್ದೇನೆ’ ಎನ್ನುವುದು ಸಮಾಧಾನದ ಮಾತಲ್ಲ. ನಮ್ಮಲ್ಲಿ ಅನೇಕರು ಹುಟ್ಟುವಾಗಲೇ ಕಣಜ ಕಿರಿದಾಗಿ ಹುಟ್ಟಿದವರು. ಮೂವತ್ತು ದಾಟಿದ ಮೇಲೆ, ಕೆಲಸ ಕೊಡದಿದ್ದರೆ, ಹತ್ತು ವರ್ಷಕ್ಕೆ ನೂರಕ್ಕೆ ಮೂರರಿಂದ ಎಂಟರಷ್ಟು ಮಾಂಸಖಂಡ ಕರಗುತ್ತ ಹೋಗುತ್ತದೆ. ಸಣಕಲು ಮನುಷ್ಯನಿಗೆ ‘ಇನ್ನೂ ತೂಕ ಇಳಿಸಿ, ಊಟ ಬಿಡಿ’ ಎಂದರೆ ಇದ್ದ ಖಂಡವೂ ಹೋಗುತ್ತದೆ. ಶುಗರ್ ಬಂತೆಂದು ಹೆದರಿ ಎರಡು ಹೊತ್ತು ಉಪವಾಸ ಬಿದ್ದು ಕಡ್ಡಿಯಾಗುವವರನ್ನು ಕಂಡಾಗ ನನಗೆ ಕಾಯಿಲೆಗಿಂತ ಆ ಉಪವಾಸದ ಚಿಂತೆಯೇ ಹೆಚ್ಚಾಗುತ್ತದೆ.

‘ನಾವು ಬೆಳಗಿಂದ ಸಂಜೆ ತಂಕ ತೋಟದಲ್ಲೇ ಇರ್ತೀವಲ್ಲ, ನಮಗೆ ಬೇರೆ ವ್ಯಾಯಾಮ ಯಾಕೆ?’ ಎನ್ನುವ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. ತೋಟದಲ್ಲಿ ಇರುವುದು ಬೇರೆ, ತೋಟದಲ್ಲಿ ದುಡಿಯುವುದು ಬೇರೆ. ಗುದ್ದಲಿ ಹಿಡಿದು ಅಗೆಯುವವರು, ನಾಟಿ ಹಾಕುವವರು, ಕಾಫಿ ಮೂಟೆ ಹೊರುವವರು, ಅಂಥವರಿಗೆ ನಾನು ಬಸ್ಕಿ ಹೇಳುವವನಲ್ಲ. ಅವರಿಗೆ ಬೇಕಾದದ್ದು ಅನ್ನದ ಜೊತೆ ಕಾಳು, ಮೊಟ್ಟೆ, ಸರಿಯಾದ ನಿದ್ದೆ, ಸಮಯಕ್ಕೆ ರಕ್ತ ಪರೀಕ್ಷೆ. ಆದರೆ ಛತ್ರಿ ಹಿಡಿದು ಲೈನಿನ ಮೇಲೆ ನಿಂತು ಕೆಲಸ ನೋಡಿಕೊಳ್ಳುವ ನಮ್ಮಂಥವರ ತೊಡೆಗೆ ಏನು ಕೆಲಸವಾಯಿತು? ಕಳೆಗೆ ಮೆಷಿನ್ ಬಂತು, ಗದ್ದೆಗೆ ಟಿಲ್ಲರ್ ಬಂತು, ಗೇಟಿನ ತನಕ ಬೈಕ್ ಬಂತು. ಅಂಗಡಿಯಲ್ಲಿ, ಆಫೀಸಿನಲ್ಲಿ, ಬಸ್ಸಿನ ಸ್ಟಿಯರಿಂಗ್ ಮುಂದೆ ಕೂತವರ ಮಾತಂತೂ ಬೇಡ.

ಹೆಂಗಸರ ವಿಚಾರದಲ್ಲಿ ಬದಲಾವಣೆ ಇನ್ನೂ ದೊಡ್ಡದು. ನಮ್ಮ ಅಜ್ಜಿಯರ ಕಾಲದಲ್ಲಿ ಬಾವಿಯಿಂದ ನೀರು ಸೇದಿ ಕೊಡ ಹೊರಬೇಕಿತ್ತು. ಒನಕೆ ಹಿಡಿದು ಭತ್ತ ಕುಟ್ಟಬೇಕಿತ್ತು. ಕಡುಬಿನ ತರಿ ಬೀಸಬೇಕಿತ್ತು, ಸಾರಿನ ಖಾರ ಒರಳಲ್ಲಿ ರುಬ್ಬಬೇಕಿತ್ತು. ಅವೆಲ್ಲ ಹೋದದ್ದು ಒಳ್ಳೆಯದೇ ಆಯಿತು. ಆ ಕಷ್ಟ ಮತ್ತೆ ಬರಲಿ ಎಂದು ನಾನು ಯಾವತ್ತೂ ಹೇಳುವುದಿಲ್ಲ. ಹೆಣ್ಣುಮಕ್ಕಳ ಬೆನ್ನು ಮುರಿದದ್ದನ್ನು ನೋಡಿ ‘ಆಗಿನ ಕಾಲ ಚೆಂದ’ ಅನ್ನುವವರು ಒಂದು ದಿನ ಒನಕೆ ಹಿಡಿದು ನೋಡಲಿ. ಆದರೆ ಕೆಲಸ ಹೋಯಿತು, ಅಕ್ಕಿ ರೊಟ್ಟಿ, ಕಡುಬು, ಅನ್ನ ಹಾಗೇ ಉಳಿದವು. ಕಣಜ ಕುಗ್ಗಿತು, ಭತ್ತ ಅಷ್ಟೇ ಬರುತ್ತಿದೆ.

ಬಲದ ವ್ಯಾಯಾಮ ನಮಗೆ ಹೊರಗಿನಿಂದ ಬಂದದ್ದಲ್ಲ. ಹಳೇ ಮೈಸೂರು ಸೀಮೆಯ ಊರೂರಲ್ಲಿ ಗರಡಿಮನೆ ಇತ್ತು. ದಂಡ, ಬಸ್ಕಿ, ಕಲ್ಲುಗುಂಡು, ಗದೆ ಎಲ್ಲ ಅಲ್ಲಿಯವೇ. ಬೇಲೂರಿನ ಶಾಂತಲೆಯ ಮೇಲೆ ‘ಶಾಂತಲಾ’ ಕಾದಂಬರಿ ಬರೆದ ಕೆ. ವಿ. ಅಯ್ಯರ್ ಅವರನ್ನು ನೀವು ಓದಿರಬಹುದು. ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದ ದೊಡ್ಡ ದೇಹದಾರ್ಢ್ಯ ಪಟು, ಅದೇ ಅವರ ವೃತ್ತಿ. ಇನ್ನು ಬಸ್ಕಿಯನ್ನು ನಮಗೆ ಕಲಿಸಿದವರು ಇದೇ ಶಾಲೆಯ ಮೇಷ್ಟ್ರುಗಳು. ಹೋಂವರ್ಕ್ ಮಾಡದಿದ್ದರೆ ಐವತ್ತು ಬಸ್ಕಿ! ನನ್ನ ಗೆಳೆಯರಲ್ಲಿ ಕೆಲವರ ತೊಡೆ ಇವತ್ತಿಗೂ ಗಟ್ಟಿಯಾಗಿರುವುದರಲ್ಲಿ ಗಣಿತದ ಪಾಲು ದೊಡ್ಡದು.

ಇದರಿಂದ ಸಕ್ಕರೆ ಎಷ್ಟು ಇಳಿಯುತ್ತದೆ ಎನ್ನುವುದನ್ನು ಅಳೆದು ನೋಡಿದ್ದಾರೆ. ದೆಹಲಿಯಲ್ಲಿ ಡಾ. ಅನೂಪ್ ಮಿಶ್ರಾ ಮತ್ತು ಸಂಗಡಿಗರು ಸಕ್ಕರೆ ಕಾಯಿಲೆಯ 30 ಮಂದಿಗೆ 12 ವಾರ ಬರೀ ಬಲದ ವ್ಯಾಯಾಮ ಮಾಡಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಸುಮಾರು ಅರ್ಧ ಅಂಕ ಇಳಿದಿತ್ತು. ಕೆನಡಾದಲ್ಲಿ 251 ಮಂದಿಯ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಓಟ-ಸೈಕಲ್ಲಿನಂಥ ವ್ಯಾಯಾಮ ಒಂದೇ ಮಾಡಿದವರಿಗೆ ಅರ್ಧ ಅಂಕ, ಭಾರ ಎತ್ತುವುದೊಂದೇ ಮಾಡಿದವರಿಗೆ ಅದಕ್ಕಿಂತ ತುಸು ಕಡಿಮೆ, ಎರಡೂ ಮಾಡಿದವರಿಗೆ ಹತ್ತಿರ ಹತ್ತಿರ ಒಂದು ಅಂಕ ಇಳಿಯಿತು. ಒಂದು ಅಂಕ ಎಂದರೆ ಕೆಲವು ಮಾತ್ರೆಗಳು ಇಳಿಸುವಷ್ಟು. 2023ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಿಂದ ಬಂದ ಅಧ್ಯಯನ ನಮಗೆ ಇನ್ನೂ ಹತ್ತಿರದ್ದು. ಅಲ್ಲಿ ತೆಗೆದುಕೊಂಡದ್ದು ದಪ್ಪಗಿಲ್ಲದ ಸಕ್ಕರೆ ಕಾಯಿಲೆಯವರನ್ನು. ಅವರಲ್ಲಿ ಬಲದ ವ್ಯಾಯಾಮವೇ ಬರೀ ಏರೋಬಿಕ್ ವ್ಯಾಯಾಮಕ್ಕಿಂತ ಚೆನ್ನಾಗಿ ಕೆಲಸ ಮಾಡಿತು.

ಕಾಯಿಲೆ ಬಾರದಂತೆ ತಡೆಯುವುದರಲ್ಲೂ ಹೀಗೆಯೇ. ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಅವರು ಹೊಸ್ತಿಲಲ್ಲಿದ್ದ 531 ಮಂದಿಯನ್ನು ಮೂರು ವರ್ಷ ನೋಡಿದರು. ಏನೂ ಮಾಡದೆ ಬಿಟ್ಟವರಲ್ಲಿ ನೂರಕ್ಕೆ 55 ಮಂದಿ ಕಾಯಿಲೆಗೆ ಬಿದ್ದರು, ಊಟ ಮತ್ತು ನಡಿಗೆ ತಿದ್ದಿಕೊಂಡವರಲ್ಲಿ 39. ಅಮೆರಿಕದಲ್ಲಿ 32 ಸಾವಿರ ಗಂಡಸರನ್ನು ಹದಿನೆಂಟು ವರ್ಷ ಹಿಂಬಾಲಿಸಿದಾಗ, ವಾರಕ್ಕೆ ಎರಡೂವರೆ ಗಂಟೆ ಭಾರದ ವ್ಯಾಯಾಮ ಮಾಡುವವರಿಗೆ, ಮಾಡದವರಿಗೆ ಹೋಲಿಸಿದರೆ, ಕಾಯಿಲೆ ಬರುವ ಸಂಭವ ಮೂರನೇ ಒಂದು ಪಾಲು ಕಡಿಮೆ ಇತ್ತು. ನಡಿಗೆ ಬಿಡಿ ಎಂದು ನಾನು ಹೇಳುತ್ತಿಲ್ಲ. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಲೇಬೇಕು. ಅದರ ಜೊತೆಗೆ ಇದು.

ಆದರೆ ಬಾಳ್ಳುಪೇಟೆಯಲ್ಲಿ ನಡಿಗೆಗೆ ಎರಡು ಅಡ್ಡಿ. ಒಂದು, ಜೂನ್‌ನಿಂದ ಸೆಪ್ಟೆಂಬರ್ ತನಕದ ಮಳೆ. ಇನ್ನೊಂದು, ಆನೆ. ಬೆಳಗಿನ ಜಾವ ಐದೂವರೆಗೆ ವಾಕಿಂಗ್ ಹೋಗಿ ಎಂದು ಪಟ್ಟಣದ ವೈದ್ಯರು ಚೀಟಿಯಲ್ಲಿ ಬರೆದುಕೊಡುತ್ತಾರೆ. ಸಕಲೇಶಪುರ, ಆಲೂರು ಸೀಮೆಯಲ್ಲಿ ಆ ಹೊತ್ತಿಗೆ ತೋಟದ ದಾರಿಯಲ್ಲಿ ಯಾರು ವಾಕಿಂಗ್ ಮಾಡುತ್ತಿರುತ್ತಾರೆ ಎಂದು ಅವರಿಗೆ ಗೊತ್ತಿಲ್ಲ. ಆನೆ ಇದೆ ಎಂದು ಮೊಬೈಲಿಗೆ ಸುದ್ದಿ ಬಂದ ದಿನ ದಯವಿಟ್ಟು ಶುಗರ್ ಇಳಿಸಲು ಹೊರಗೆ ಹೋಗಬೇಡಿ. ಬಲದ ವ್ಯಾಯಾಮಕ್ಕೆ ಜಗಲಿ ಸಾಕು.

ಏನು ಮಾಡಬೇಕು? ಗಟ್ಟಿ ಮರದ ಕುರ್ಚಿಯೊಂದನ್ನು ಗೋಡೆಗೆ ಒರಗಿಸಿಡಿ. ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರುತ್ತದೆ. ಅದರ ಮೇಲೆ ಕೂತು, ಎದೆಯ ಮೇಲೆ ಕೈ ಕಟ್ಟಿಕೊಂಡು, ಕೈ ಊರದೆ ಏಳಿ, ನಿಧಾನವಾಗಿ ಕೂರಿ. ಇದು ಅರ್ಧ ಬಸ್ಕಿ. ಗೋಡೆಗೆ ಎರಡು ಕೈ ಊರಿ ಎದೆಯನ್ನು ಗೋಡೆಯ ಹತ್ತಿರ ತಂದು ಹಿಂದೆ ತಳ್ಳಿ; ಇದು ಗೋಡೆಯ ದಂಡ. ಬಾಗಿಲ ಚೌಕಟ್ಟು ಹಿಡಿದು ಹಿಮ್ಮಡಿ ಎತ್ತಿ ಇಳಿಸಿ. ಜಗಲಿಯ ಮೆಟ್ಟಿಲನ್ನು ಒಂದೊಂದೇ ಕಾಲಲ್ಲಿ ಹತ್ತಿ ಇಳಿಯಿರಿ. ಚಾಪೆಯ ಮೇಲೆ ಅಂಗಾತ ಮಲಗಿ, ಮೊಣಕಾಲು ಮಡಚಿ, ಸೊಂಟ ಮೇಲೆತ್ತಿ. ಎರಡು ಬಾಟಲಿಗೆ ನೀರು ತುಂಬಿ, ಕೆಳಗಿನಿಂದ ಭುಜದ ತನಕ, ಭುಜದಿಂದ ತಲೆಯ ಮೇಲೆ ಎತ್ತಿ. ಒಂದೊಂದನ್ನೂ ಎಂಟರಿಂದ ಹನ್ನೆರಡು ಸಲ, ಎರಡು ಅಥವಾ ಮೂರು ಸುತ್ತು. ಒಟ್ಟು ಅರ್ಧ ಗಂಟೆ. ಸೋಮವಾರ, ಬುಧವಾರ, ಶುಕ್ರವಾರ ಎಂದಿಟ್ಟುಕೊಳ್ಳಿ, ನಡುವಿನ ದಿನ ನಡಿಗೆ.

ಇದರಲ್ಲಿ ಗುಟ್ಟು ಒಂದೇ. ಕೊನೆಯ ಎರಡು ಸಲ ಕಷ್ಟವಾಗಬೇಕು. ಹನ್ನೆರಡು ಸಲ ಮಾಡಿಯೂ ಇನ್ನೂ ಹತ್ತು ಮಾಡಬಲ್ಲೆ ಅನ್ನಿಸಿದರೆ ಭಾರ ಸಾಲದು. ಬಾಟಲಿಯ ಬದಲು ಎರಡು ಕೆ.ಜಿ. ಅಕ್ಕಿ ಚೀಲ, ಆಮೇಲೆ ಐದು ಕೆ.ಜಿ., ಕುರ್ಚಿಯಿಂದ ಏಳುವಾಗ ಎದೆಗೆ ಆ ಚೀಲ ಅಪ್ಪಿಕೊಳ್ಳಿ. ವರ್ಷವಿಡೀ ಒಂದೇ ಬಾಟಲಿ ಎತ್ತುತ್ತ ‘ಏನೂ ಪ್ರಯೋಜನ ಆಗ್ಲಿಲ್ಲ’ ಎಂದರೆ ಬಾಟಲಿಯ ತಪ್ಪಲ್ಲ. ಎತ್ತುವಾಗ ಉಸಿರು ಬಿಡಿ, ಇಳಿಸುವಾಗ ಎಳೆದುಕೊಳ್ಳಿ. ಉಸಿರು ಕಟ್ಟಿ ಎತ್ತಿದರೆ ರಕ್ತದೊತ್ತಡ ಏರುತ್ತದೆ.

ಅರವತ್ತು ದಾಟಿದವರಿಗೆ ಇದರಿಂದ ಇನ್ನೊಂದು ಲಾಭ. ಸಕ್ಕರೆ ಕಾಯಿಲೆಯ ಹಿರಿಯರು ಬಚ್ಚಲಲ್ಲಿ, ಪಾಚಿ ಕಟ್ಟಿದ ಅಂಗಳದಲ್ಲಿ ಬಿದ್ದು ಸೊಂಟ ಮುರಿದುಕೊಳ್ಳುವುದು ಮಳೆಗಾಲದಲ್ಲಿ ಸಾಮಾನ್ಯ. ತೊಡೆ ಗಟ್ಟಿಯಿದ್ದವರು ಎಡವಿದರೂ ಸಾವರಿಸಿಕೊಳ್ಳುತ್ತಾರೆ.

ಎಚ್ಚರಿಕೆಗಳನ್ನು ಹೇಳದೆ ಬಿಟ್ಟರೆ ನನ್ನ ಕೆಲಸ ಅರ್ಧವಾಗುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಥರದ ಮಾತ್ರೆ ನುಂಗುವವರು ಖಾಲಿ ಹೊಟ್ಟೆಯಲ್ಲಿ ವ್ಯಾಯಾಮಕ್ಕೆ ಇಳಿಯಬೇಡಿ. ಸಕ್ಕರೆ 100ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿಂದು ಶುರು ಮಾಡಿ. ಕೈ ನಡುಗಿ, ಬೆವತು, ಕಣ್ಣು ಕತ್ತಲಿಟ್ಟರೆ ಅಲ್ಲೇ ನಿಲ್ಲಿಸಿ, ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ. ಸಕ್ಕರೆ 300ರ ಮೇಲಿದ್ದರೆ, ಜ್ವರ ವಾಂತಿ ಇದ್ದರೆ, ಅವತ್ತು ವ್ಯಾಯಾಮ ಬೇಡ, ಆಸ್ಪತ್ರೆಗೆ ಹೋಗಿ. ಕಣ್ಣಿನ ಹಿಂಪದರದಲ್ಲಿ ರಕ್ತಸ್ರಾವ ಆದವರು ಭಾರ ಎತ್ತಲೇಬಾರದು. ಆದ್ದರಿಂದ ಶುರು ಮಾಡುವ ಮೊದಲು ಒಮ್ಮೆ ಕಣ್ಣಿನ ಪರೀಕ್ಷೆ ಆಗಲಿ. ಎದೆನೋವು, ಏದುಸಿರು ಇರುವವರು ವೈದ್ಯರನ್ನು ಕೇಳದೆ ತೊಡಗಬೇಡಿ. ಪಾದ ಜೋಮು ಹಿಡಿದವರಿಗೆ ಗಾಯ ಆದದ್ದೇ ಗೊತ್ತಾಗುವುದಿಲ್ಲ. ತೋಟದಿಂದ ಬಂದು ಗಂಬೂಟ್ಸ್ ಕಳಚಿದ ಮೇಲೆ ಇಂಬಳ ಕಚ್ಚಿದೆಯೇ ಎಂದು ಹೇಗೂ ನೋಡುತ್ತೀರಿ. ಅದೇ ಹೊತ್ತಿಗೆ ಬೆರಳ ಸಂದು, ಅಂಗಾಲು, ಹಿಮ್ಮಡಿಯನ್ನೂ ನೋಡಿಕೊಳ್ಳಿ.

ಮುಖ್ಯವಾಗಿ, ವ್ಯಾಯಾಮ ಶುರುವಾಯಿತೆಂದು ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಸಕ್ಕರೆ ಇಳಿದರೆ ವೈದ್ಯರೇ ಕಡಿಮೆ ಮಾಡುತ್ತಾರೆ. ಮೂವತ್ತು ದಾಟಿದ ಎಲ್ಲರಿಗೂ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿಟ್ಟಿಯಾಗಿ ಸಕ್ಕರೆ, ಬಿ.ಪಿ. ನೋಡುತ್ತಾರೆ. ಆಶಾ ಕಾರ್ಯಕರ್ತೆ ಬಂದು ಕರೆದಾಗ ‘ನನಗೇನಾಗಿದೆ’ ಎಂದು ಕಳಿಸಿಬಿಡಬೇಡಿ.

ಇನ್ನು ಗುರುಗಳ ಹತ್ತಿರ ಒಂದು ಬೇಡಿಕೆ. ಜನವರಿ ಬಂತೆಂದರೆ ಹತ್ತನೇ ತರಗತಿಯ ಆಟದ ಪೀರಿಯಡ್ ಗಣಿತಕ್ಕೋ ವಿಜ್ಞಾನಕ್ಕೋ ಹೋಗುವುದು ಎಲ್ಲ ಶಾಲೆಗಳಲ್ಲೂ ನಡೆದು ಬಂದಿದೆ. ಫಲಿತಾಂಶದ ಒತ್ತಡ ನನಗೂ ಗೊತ್ತು. ಆದರೂ ವಾರಕ್ಕೆ ಎರಡು ಪೀರಿಯಡ್ ಉಳಿಸಿಕೊಡಿ. ಅದರಲ್ಲೂ ಹೆಣ್ಣುಮಕ್ಕಳು ಮೈದಾನಕ್ಕೆ ಇಳಿಯುವಂತೆ ನೋಡಿಕೊಳ್ಳಿ. ಒಂಬತ್ತನೇ ತರಗತಿಯ ಹೊತ್ತಿಗೆ ಅವರು ಮರದ ನೆರಳಲ್ಲಿ ಕೂರುವುದು ರೂಢಿಯಾಗಿಬಿಡುತ್ತದೆ. ಮೈಸೂರಿನ ಅದೇ ಅಧ್ಯಯನದಲ್ಲಿ, ಬಸಿರಿನಲ್ಲಿ ಸಕ್ಕರೆ ಏರಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೇ ವಯಸ್ಸಿಗೇ ಕೊಬ್ಬು ಹೆಚ್ಚು ಕಂಡಿತ್ತು. ಇವತ್ತು ಇಲ್ಲಿ ಕೂತಿರುವ ಹದಿನೈದರ ಹುಡುಗಿಯ ತೊಡೆಯ ಬಲ ಅವಳೊಬ್ಬಳ ವಿಷಯ ಅಲ್ಲ.

ಊಟಕ್ಕೆ ಇನ್ನೂ ಸ್ವಲ್ಪ ಹೊತ್ತಿದೆ, ಹೋಳಿಗೆ ಇದೆ ಎಂದೂ ಕೇಳಿದೆ. ಒಂದು ಹೋಳಿಗೆಗೆ ನನ್ನ ಅಡ್ಡಿಯಿಲ್ಲ, ಅನ್ನ ಅಷ್ಟು ಕಡಿಮೆ ಹಾಕಿಸಿಕೊಳ್ಳಿ. ಅದಕ್ಕೆ ಮೊದಲು, ಮೊಣಕಾಲು ನೋವು ಇಲ್ಲದವರು ಕೂತಲ್ಲೇ ಎದೆಗೆ ಕೈ ಕಟ್ಟಿ, ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರಬಲ್ಲಿರಿ ಎಣಿಸಿ. ಪಕ್ಕದವರು ಕುರ್ಚಿ ಹಿಡಿದುಕೊಳ್ಳಿ. ದೈಹಿಕ ಶಿಕ್ಷಣದ ಮೇಷ್ಟ್ರು ಸೀಟಿ ಊದುತ್ತಾರೆ. ಎಣಿಕೆಯನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಮೂರು ತಿಂಗಳ ಮೇಲೆ ಮನೆಯಲ್ಲಿ ಇನ್ನೊಮ್ಮೆ ನೋಡಿ. ಸಾರ್, ಊದಿ.